ಉಗುರಿನ ಸಂದಿ

ಬೆಳಿಗ್ಗೆ ಎಂಟಕ್ಕೆ ದೀಪ ಹಾಕಿ ಕೂತೆ.
ಮೇಜಿನ ಮೇಲೆ ಯಾರದೋ ಕೆಳದವಡೆಯ ಅಚ್ಚು,
ಪಕ್ಕದಲ್ಲಿ ಚೀಟಿ: ಎರಡು ಹಲ್ಲು, ಶುಕ್ರವಾರದೊಳಗೆ.
ಬ್ರಶ್ಶಿನಿಂದ ಉಜ್ಜಿದರೂ, ನಿಂಬೆಹೋಳಿನಿಂದ ತಿಕ್ಕಿದರೂ
ಹೆಬ್ಬೆರಳ ಉಗುರಿನ ಸಂದಿಯ ಕಪ್ಪು ಹೋಗಿಲ್ಲ.
‘ಏನು, ನಿಧಿ ಅಗೆದೆಯಾ?’ ಅಂದ ಎಯ್ಮಂತಸ್
ಪಿಂಗಾಣಿ ಪುಡಿ ಕಲಸುತ್ತ.
ನಾನು ಕೈಗವಸು ಹಾಕಿಕೊಂಡೆ.

ಕಣ್ಣಿಗೆ ಗವಸಿಲ್ಲವಲ್ಲ.
ಟ್ರಾಲಿಬಸ್ಸಿನಲ್ಲೇ ಶುರುವಾಗಿತ್ತು:
ಮುಂದಿನ ಸೀಟಿನ ಮುದುಕನ ಕಂದು ಟೋಪಿ,
ಎಲೆರಾಶಿಯಲ್ಲಿ ಯಾರೋ ಕಚ್ಚಿ ಬಿಟ್ಟ ಬನ್ನು,
ನಿಲ್ದಾಣದ ಬೆಂಚಿನ ಕೆಳಗೆ ಒಂಟಿ ಮಗುಬೂಟು;
ಎಲ್ಲದಕ್ಕೂ ಸೊಂಟ ತಾನಾಗಿ ಬಗ್ಗುತ್ತದೆ.
ಎರಡು ದಿನ ನೆಲವನ್ನೇ ನೋಡಿದವಳಿಗೆ
ಮುಖ ನೋಡುವ ರೂಢಿ ಮರಳಲು ಹೊತ್ತು ಬೇಕು.

ಶನಿವಾರ ವಿಲ್ನಿಯಸ್ಸಿನಿಂದ ಮಾರ್ಸಿಂಕೊನಿಸ್‌ಗೆ
ಹೊರಟ ರೈಲಿನ ತುಂಬ ಬುಟ್ಟಿಗಳು.
ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ
‘ಹೀಗೇ, ಆ ಕಡೆ’ ಅನ್ನುತ್ತಾರೆ ಗಲ್ಲ ಎತ್ತಿ.
ಇಳಿದ ಮೇಲೆ ಲೇಸು ಕಟ್ಟುವ ನೆಪದಲ್ಲಿ
ಪ್ರತಿಯೊಬ್ಬರೂ ಪ್ರತಿಯೊಬ್ಬರಿಗಿಂತ ಹಿಂದೆ ಉಳಿಯುತ್ತಾರೆ.

ವೆರೋನಿಕಾ ನನ್ನ ಅತ್ತೆ.
ಅತ್ತೆಯಾಗಿದ್ದವಳು ಅನ್ನಬೇಕು; ಕಾಗದದ ಪ್ರಕಾರ
ಮಾರ್ಚ್ ತಿಂಗಳಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಏನೂ ಅಲ್ಲ.
ಆದರೂ ಗುರುವಾರ ರಾತ್ರಿ ಫೋನು:
‘ಮಳೆ ಬಂತು. ಚಾಕು ಮಸೆದಿಟ್ಟುಕೋ.’
ಅಷ್ಟೇ. ಇಟ್ಟುಬಿಟ್ಟಳು.

ಹನ್ನೊಂದು ವರ್ಷ ಸೊಸೆಯಾಗಿದ್ದೆ.
ಆಗೆಲ್ಲ ರಸ್ತೆ ಬದಿಯ ಪೈನು ಮರಗಳು, ಊರಿಗೆಲ್ಲ ಗೊತ್ತಿದ್ದವು,
ಊರೆಲ್ಲ ಕೊಯ್ದು ಬಿಟ್ಟ ಉಳಿಕೆ.
ಸೊಸೆಯಲ್ಲದ ಮೇಲೆ ಮೊದಲ ಸಲ
ಬಿದ್ದ ಕರೆಂಟು ಕಂಬ ದಾಟಿಸಿ, ಜೌಗಿನಂಚಿನಲ್ಲಿ ನಡೆಸಿ,
ನೆಂದ ರೊಟ್ಟಿಯಂತೆ ಮೆತ್ತಗಿದ್ದ ಬಿಳಿ ಪಾಚಿಯ ಮೇಲೆ
‘ಇಲ್ಲಿ ಕಾಲಿಡು, ಅಲ್ಲಿ ಬೇಡ’ ಎಂದು
ಕರೆದುಕೊಂಡು ಹೋದಳು.

ಇದ್ದವು.
ಐದು ಬರವೀಕಸ್, ಸಂಕೋಚವಿಲ್ಲದೆ, ನೆಂಟರ ಮನೆಯಲ್ಲಿ ಕೂತವರ ಹಾಗೆ.
ಒಂದು ನನ್ನ ಮುಷ್ಟಿಗಿಂತ ದೊಡ್ಡದು.
ಅವಳು ಕೊಯ್ದ ಜಾಗಕ್ಕೆ ಪಾಚಿ ಎಳೆದು ಮುಚ್ಚಿದಳು,
ಸಾಲ ತೀರಿಸಿ ಪತ್ರ ಹರಿಯುವವಳ ಗಂಭೀರದಲ್ಲಿ.
ಮಗನ ಬಗ್ಗೆ ಒಂದೇ ಮಾತು, ಅದೂ ಮಂಡಿ ಹಿಡಿದು ಏಳುವಾಗ:
‘ಅವನಿಗೆ ಬಗ್ಗಿ ನೋಡೋಕೆ ಬರೋದಿಲ್ಲ. ಚಿಕ್ಕಂದಿನಿಂದಲೂ.’

ಮಧ್ಯಾಹ್ನ ಅವನದೇ ಫೋನು.
ಅಮ್ಮನ ಅಡುಗೆಮನೆ ತುಂಬ ಜಾಡಿ ನೋಡಿದನಂತೆ,
ಜಾಗ ಎಲ್ಲಿ ಅಂತ. ಇವಳಿಗೂ ಒಮ್ಮೆ ತೋರಿಸಬೇಕಂತೆ.
‘ಕಾಡು ತಾನೆ,’ ಅಂದೆ, ‘ಎಲ್ಲ ಮರ ಒಂದೇ ಥರ.’
ಅವನಿಗೆ ಹೇಳಿದ ಸುಳ್ಳುಗಳಲ್ಲಿ
ನಾಲಿಗೆಗೆ ಒಗರು ಹತ್ತದಿದ್ದದ್ದು ಇದೊಂದೇ.

ಮತ್ತೆ ಹಲ್ಲು.
ಬಣ್ಣದ ಪಟ್ಟಿಯಲ್ಲಿ ಹದಿನಾರು ಬಿಳುಪು,
ಎಳೆ ಬರವೀಕಸ್ಸಿನ ಅಡಿಯಲ್ಲಿ ಇದ್ದದ್ದು
ಇದರಲ್ಲಿ ಯಾವುದೂ ಅಲ್ಲ.
ಚೀಟಿ ತಿರುಗಿಸಿದೆ: ವಯಸ್ಸು ಎಪ್ಪತ್ತೊಂದು.
ಸ್ವಲ್ಪ ಹಳದಿ ತಿರುಗಿದ್ದನ್ನೇ ಆರಿಸಿದೆ,
ಬಾಯಲ್ಲಿ ಹಳಬರ ಜೊತೆ ಹೊಂದಿಕೊಳ್ಳಲಿ.

ಮನೆಗೆ ಬಂದು ಬಾಗಿಲು ತೆಗೆದರೆ ಒಳಗೆಲ್ಲ ಕಾಡು.
ಒಲೆಯ ಮೇಲೆ ದಾರಕ್ಕೆ ಪೋಣಿಸಿದ ಹೋಳುಗಳು
ಕಿವಿಯ ಹಾಗೆ ಮುದುಡಿವೆ.
ಬಟ್ಟೆ ಒಗೆಯಲು ಹಾಕಿದೆ, ಸಾಕ್ಸಿನಿಂದ ಪೈನು ಸೂಜಿ ಉದುರಿತು,
ಮೊಟ್ಟೆ ಬೇಯಿಸಿದೆ, ನಿಂತೇ ತಿಂದೆ.

ಗೋಡೆಯ ಮೇಲೆ ಒಂದು ಬಿಳಿ ಹುಳು
ಮೊಳೆಯಿಂದ ಇಳಿದು ಬರುತ್ತಿತ್ತು
ದಾರಿ ಕೇಳಲು ಯಾರೂ ಸಿಗದವರಂತೆ.
ಕೈಗೆ ಸಿಕ್ಕ ಕಾಗದಕ್ಕೆ, ಕರೆಂಟು ಬಿಲ್ಲಿಗೆ,
ಹತ್ತಿಸಿಕೊಂಡು, ಕಿಟಕಿ ತೆಗೆದು,
ನಾಲ್ಕನೇ ಮಹಡಿಯಿಂದ ಕೆಳಗಿನ ಹುಲ್ಲಿಗೆ ಒದರಿದೆ.

ಬಿದ್ದ ಸದ್ದಿಗೆ ಒಂದು ಗಳಿಗೆ ಕಾದೆ ಕೂಡ.