ಬಾಗಿಲು ಮುಚ್ಚಿದೆ

ತಿಂಗಳಾ ಎರಡನೇ ತಾರೀಖಿಗಿ
ಚಿಟಗುಪ್ಪದ ಮಿಷನ್ ಕಾಂಪೌಂಡಿನ ಪಾಳಿ ನಂದು.
ಕೊರಳಾಗ ಬಿಲ್ಲಿನ ಮಷೀನು, ಕಿಸೆದಾಗ ಬ್ಯಾಟ್ರಿ,
ನಾಯಿ ಬಂದ್ರ ಇರಲಿ ಅಂತ ಒಂದು ಬೇವಿನ ಬಡಗಿ.

ಕಟ್ಟಿದವರು ಯಾರು ಅಂತ ಕೇಳಿದ್ರ
ಒಬ್ಬರು ಜರ್ಮನ್ ಅಂತಾರ, ಒಬ್ಬರು ಡಚ್ಚರು.
ಬಾಳಿಹಣ್ಣಿನ ಗಾಡಿ ಮಸ್ತಾನಸಾಬ ಮಾತ್ರ
'ಮೇಣಬತ್ತಿ ಹಿಡದು ಹಾಡೋ ಮಂದಿ' ಅಂತಾನ.
ಅವರಜ್ಜ ಕೇಳ್ಯಾನಂತ.
ನನ್ನ ಲಿಸ್ಟಿನಾಗ ಅವರ ಹೆಸರಿಲ್ಲ.
ನಂಬರ್ ಅವ, ದರ ಅವ.

ಗಂಡಸರ ಮನಿ:
ಮದುವಿಯಾಗದ ಹನ್ನೊಂದು ಬ್ರದರ್ ಮಂದಿ
ಒಂದೇ ಸಾಲಿಗಿ ಮಂಚ ಹಾಕಿ ಮಲಗತಿದ್ದದ್ದು.
ರಜಾಕಾರರ ಗಲಾಟಿದಾಗ ಎರಡು ಓಣಿ ಅಲ್ಲೇ ಅಡಗಿತ್ತಂತ.
ಆಮ್ಯಾಲ ರೇಷನ್ ಗೋದಾಮು,
ಆಮ್ಯಾಲ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರ
(ನಾ ಗಣಿತ ಫೇಲಾದದ್ದು ಆ ಕಿಟಕಿ ಮಗ್ಗಲಾಗ).
ಈಗ ಜಿಮ್ಮು. ವಾಣಿಜ್ಯ ದರ.
ಮಂಚದ ಕಾಲಿನ ಗುರುತು ಶಹಾಬಾದಿ ಫರಸಿ ಮ್ಯಾಲ ಇನ್ನಾ ಅವ,
ಒಂದೊಂದರ ಮ್ಯಾಲ ಒಂದೊಂದು ಡಂಬೆಲ್ ಇಟ್ಟಾನ ಸಿದ್ರಾಮ.

ಮಗ್ಗದ ಶೆಡ್ಡು ಶಾದಿಖಾನಾ ಆಗ್ಯಾದ.
ಪ್ರಾರ್ಥನಿ ಮನಿ ಪ್ರಾರ್ಥನಿ ಮನೀನೇ, ಖರೆ,
ಗಂಟಿ ಇಳಿಸಿ ಮೊಬೈಲ್ ಟಾವರ್ ಏರಿಸ್ಯಾರ,
ಅದರ ಬಾಡಗಿದಾಗ ವರ್ಷಕ್ಕೊಮ್ಮೆ ಸುಣ್ಣ.
ಒಂದು ಗ್ವಾಡಿಗಿ ಎರಡು ಮೀಟರು:
ದೇವರಿಗೊಂದು ದರ, ಸಿಗ್ನಲ್ಲಿಗೊಂದು.

'ಬಳಕೆ ಬದಲಾಗಿದೆ' ಅಂತ ಬರಿಯೋದು ನನ್ನ ಕೆಲಸ.
ಸಾಹೇಬರಿಗಿ ನಾ ಬರಿಯೋ ಸಾಫ್ ಕನ್ನಡ ಅದೊಂದೇ.

ಹಿತ್ತಲ ಸಮಾಧಿಗೆ ಮೀಟರ್ ಇಲ್ಲ.
ನೆಲಕ್ಕ ಹಾಸಿದ ಕಲ್ಲು, ನಿಲ್ಲಿಸಿದ್ದು ಒಂದೂ ಇಲ್ಲ.
ದೊಡ್ಡ ಪಾದ್ರಿಗೂ ಅಡಗಿಯಾಕಿ ಕೂಸಿಗೂ
ಒಂದೇ ಅಳತಿ.
ಬ್ಯಾಸಗಿದಾಗ ಓಣಿ ಹೆಣಮಕ್ಕಳು
ಅವುಗಳ ಮ್ಯಾಲ ಸಂಡಿಗಿ ಇಡತಾರ,
ಹೆಸರು ಓದಲಾಕ ಬರೋವು ಬಿಟ್ಟು.

ಕಡೀಕ ಹೆಂಗಸರ ಮನಿ.
ಸಿಸ್ಟರ್ ಮಂದಿ ಹೋದ ಮ್ಯಾಲ ಹೆರಿಗಿ ದವಾಖಾನಿ,
ಆಮ್ಯಾಲ ಕೋರ್ಟಿನ ಖಟ್ಲೆ, ಎಂಟು ವರ್ಷದ ಕೀಲಿ.
ಮಷೀನಿನಾಗ ಕೋಡ್ ಒತ್ತತೀನಿ: ಬಾಗಿಲು ಮುಚ್ಚಿದೆ.
ಆದ್ರ ಮೀಟರು ಪಡಸಾಲಿ ಗ್ವಾಡಿಗೆ ಅದ, ಕಣ್ಣಿಗಿ ಕಾಣತದ:
ತಿಂಗಳಿಗೆ ಎರಡು ಯೂನಿಟ್.
ಒಮ್ಮೆ ಮೂರು.

ಕಳ್ಳ ಕನೆಕ್ಷನ್ ಇರಬೇಕಂತ
ಒಂದು ಸಂಜಿ ಬೇವಿನ ಗಿಡದ ಕೆಳಗ ಕುಂತೆ.
ಬಂದಾಕಿ ಪ್ರಿಸ್ಕಿಲ್ಲವ್ವ, ದವಾಖಾನಿ ಹಳೇ ಆಯಾ.
ಹಿತ್ತಲ ಕದ ಮೊಣಕಾಲಿಲೆ ದೂಕಿ
ಒಂದು ಬಲ್ಬ್ ಹಚ್ಚಿ
ಮೆಟ್ಟಿಲ ಮ್ಯಾಲ ಕುಂತಳು, ಎಲಿ ಅಡಕಿ ತಗದಳು.

'ಯಾಕವ್ವಾ?'
'ಹೆರಿಗಿ ಖೋಲಿ ಕತ್ತಲಾಗ ಬಿಡಬಾರದು ತಮ್ಮಾ.
ಯಾರರ ಬಂದು ಕದ ಬಡದ್ರ?'
'ಸರಕಾರಿ ದವಾಖಾನಿ ಆಗಿ ಹದಿನಾರು ವರ್ಷಾತು,
ಯಾರು ಬರತಾರ?'
'ಬಂದಿಲ್ಲ,' ಅಂದಳು. 'ಗೊತ್ತದ.'

ತಾಲೂಕಿನ ಅರ್ಧ ಮಂದಿ ಅಲ್ಲೇ ಹುಟ್ಟ್ಯಾರ.
ನಮ್ಮ ಸೆಕ್ಷನ್ ಆಫೀಸರೂ.
ಅವರಿಗಿ ನಾ ಏನೂ ಹೇಳಿಲ್ಲ.

ಯಾವ ದರ ಅಂತ ಮಷೀನು ಕೇಳತದ.
ಮನಿ, ಅಂಗಡಿ, ಸಂಸ್ಥೆ, ತಾತ್ಕಾಲಿಕ.
ಬಟ್ಟು ಮ್ಯಾಲ ಹಿಡದು ಸ್ವಲ್ಪ ಹೊತ್ತು ನಿಂತು
ಹಳೇದೇ ಇರಲಿ ಅಂತ ಒತ್ತತೀನಿ,
ಚೀಟಿ ಹರದು ಕದದ ಸಂದಿಗಿ ಸಿಗಸತೀನಿ.

ಮುಂದಿನ ತಿಂಗಳು ಚೀಟಿ ಅಲ್ಲಿ ಇರಂಗಿಲ್ಲ.
ಕೌಂಟರಿನಾಗ ಕೇಳಿದ್ರ, ಕಟ್ಟ್ಯಾರ ಅಂತಾರ,
ಎಲ್ಲಾ ಚಿಲ್ಲರ.