ಉದ್ದ ಪಟ್ಟಿ ಬಿದ್ದ ಮನೆ

ನೀಲಿ ಜಾಕೀಟು, ಟೋಪಿ, ಕೊರಳಲ್ಲಿ ಗುರುತಿನ ಚೀಟಿ.
ಕೈಯಲ್ಲಿ ಸರ್ಕಾರ ಕೊಟ್ಟ ಪುಟ್ಟ ಯಂತ್ರ,
ಬಿಸಿಲಿಗೆ ಅದರ ಮುಖವೇ ಕಾಣುವುದಿಲ್ಲ.
ರೆಸಿಫೆಯ ಈ ಗುಡ್ಡದಲ್ಲಿ ಬೀದಿಯೆಂದರೆ ಮೆಟ್ಟಿಲು;
ನಾಯಿಗಳೂ ಅರ್ಧಕ್ಕೆ ಕೂತು ಸುಧಾರಿಸಿಕೊಳ್ಳುತ್ತವೆ.

ಎಲ್ಲ ಮನೆಗೂ ಉದ್ದ ಪಟ್ಟಿ ಬೀಳುವುದಿಲ್ಲ.
ಬಹಳ ಮಂದಿಗೆ ಚಿಕ್ಕದು: ಎಷ್ಟು ಜನ, ನೀರು ಎಲ್ಲಿಂದ,
ಕಕ್ಕಸು ಒಳಗೋ ಹೊರಗೋ, ಮುಗಿಯಿತು.
ಯಂತ್ರ ತಾನಾಗಿ ಆರಿಸಿದ ಮನೆಗಷ್ಟೇ ಆ ಪ್ರಶ್ನೆ.
ಇವತ್ತು ಆರಿಸಿದ್ದು ದೋನಾ ಜುಲ್ಮೀರಾಳ ಮನೆ.

"ಬರಕೋ," ಅಂದಳು ಕಾಫಿ ಸೋಸುತ್ತಲೇ,
"ಐದು ಜನ. ಐವರೂ ಕ್ಯಾಥೊಲಿಕ್."
ಹಿಂದೊಮ್ಮೆ ಬಂದ ಹುಡುಗ ಬಾಯಿಬಿಟ್ಟು ಕೇಳಲೂ ಇಲ್ಲವಂತೆ,
ಗೋಡೆ ನೋಡಿ ತಾನೇ ಬರೆದುಕೊಂಡನಂತೆ.
ಗೋಡೆಯ ಮೇಲೀಗ ಮೊಳೆ ಮಾತ್ರ.
ಅದರ ಕೆಳಗೆ, ಚೌಕಟ್ಟಿನ ಅಳತೆಗೆ,
ಸುಣ್ಣ ಹೊಸದಾಗಿಯೇ ಉಳಿದಿದೆ.

ಒಳಗಿನಿಂದ ಮಗನ ದನಿ: "ಅಮ್ಮಾ, ನನ್ನ ಸೇರಿಸಬೇಡ. ಮಾರ್ಲೂಸೆಯನ್ನೂ."
ಎಡ್ವಾನಿಯೊ. ಬಸ್ಸು ಓಡಿಸುತ್ತಾನೆ. ಕುಡಿತ ಬಿಟ್ಟು ಒಂಬತ್ತು ವರ್ಷ.
ಕೆಳಗೆ ಟೈರಿನ ಅಂಗಡಿ ಇತ್ತಲ್ಲ, ಅದೇ ಈಗ ಗಂಡ ಹೆಂಡಿರ ಚರ್ಚು;
ಪ್ಲಾಸ್ಟಿಕ್ ಕುರ್ಚಿ, ಎರಡು ಫ್ಯಾನು, ಒಂದು ಮೈಕು,
ಗ್ರೀಸಿನ ಕಲೆ ಇನ್ನೂ ನೆಲ ಬಿಟ್ಟಿಲ್ಲ.
"ಅಲ್ಲಿ ನನ್ನ ಹೆಸರು ಹಿಡಿದು ಅತ್ತರು," ಅಂದ,
"ನನಗಾಗಿ ಒಬ್ಬರು ಅತ್ತದ್ದು ಅದೇ ಮೊದಲು."

ತಾಯಿ ಸೋಸುವ ಬಟ್ಟೆ ಹಿಂಡಿದಳು,
ಬೇಕಾದ್ದಕ್ಕಿಂತ ಗಟ್ಟಿಯಾಗಿ.

ಮೊಮ್ಮಗಳು ತಾಯ್ನಾರಾ ಮೊಬೈಲಿನಿಂದ ಕಣ್ಣೆತ್ತದೆ
"ಯಾವುದೂ ಇಲ್ಲ" ಅಂದಳು, ಸಕ್ಕರೆ ಬೇಡ ಅನ್ನುವ ಹಾಗೆ.
ಮಣಿಕಟ್ಟಿನಲ್ಲಿ ಮೂರು ಗಂಟಿನ ಹರಕೆಯ ಪಟ್ಟಿ, ಬಣ್ಣ ಮಾಸಿದ್ದು.
"ಅದು?"
"ಪರೀಕ್ಷೆಗೆ ಕಟ್ಟಿದ್ದು. ಅದಕ್ಕೂ ಖಾನೆ ಇದೆಯಾ?"
ಇಲ್ಲ. ಒಬ್ಬರಿಗೆ ಒಂದು ಮಾತು.

ಇನ್ನು ಉಳಿದವಳು ನಾದಿನಿ ಇರಾಸಿಲ್ಡಾ.
ಮೂಲೆಯ ಕುರ್ಚಿಯಿಂದ ಎದ್ದಳು, ಎದೆಯ ಮೇಲೆ ಬಿಳಿಮಣಿ.
"ಕಾಂದೊಂಬ್ಲೆ. ಅಕ್ಷರ ಬಿಡದೆ ಬರಿ.
ಎಪ್ಪತ್ತು ವರ್ಷ ಕ್ಯಾಥೊಲಿಕ್ ಅಂತಲೇ ಬರೆಸಿದೆ,
ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.
ಆಗ ಪೊಲೀಸರು ನಮ್ಮ ಡೋಲು ಹೊತ್ತುಕೊಂಡು ಹೋಗುತ್ತಿದ್ದರು.
ಈಗ ಕಲ್ಲು ಬೀಳುತ್ತವೆ ಬಾಗಿಲಿಗೆ.
ಎಸೆಯುವವರು ಯಾರು ಅಂತ ಇವನನ್ನು ಕೇಳು."
ಎಡ್ವಾನಿಯೊ ಬಾಗಿಲಲ್ಲಿ ನಿಂತಿದ್ದ. ತಲೆ ತಗ್ಗಿಸಿದ.
"ನಾನಲ್ಲ ಅತ್ತೆ," ಅಂದ.
"ನೀನಲ್ಲ. ನಿನಗೆ ಗೊತ್ತಿದೆ, ಅಷ್ಟೇ."

ಕಾಫಿ ಆರಿತು.

"ಹಾಗಾದರೆ," ಜುಲ್ಮೀರಾ ಬೆರಳು ಮಡಚುತ್ತ ಬಂದು
ಹೆಬ್ಬೆರಳ ಹತ್ತಿರ ನಿಂತಳು, "ನಾನೊಬ್ಬಳೇ?"
ನಾನೇನು ಹೇಳಲಿ, ನನ್ನ ಕೆಲಸ ಎಣಿಸುವುದು.
"ಮಗಳೇ, ಸತ್ತವರನ್ನು ನೀವು ಎಣಿಸುವುದಿಲ್ಲವಾ?"
"ಇಲ್ಲ, ಅಮ್ಮಾ."
"ಎಣಿಸಿದರೆ ಈ ಗುಡ್ಡ ಪೂರ್ತಿ ನಮ್ಮದೇ."

ಹೊರಡುವಾಗ ಅಕ್ಕಿಯ ಡಬ್ಬಿ ತೆರೆದು ತೋರಿಸಿದಳು,
ಕೊರಳ ತನಕ ಅಕ್ಕಿಯಲ್ಲಿ ಹೂತ ಸಂತ ಅಂತೋನಿ.
ಮಗನಿಗೆ ತಿಳಿಯದೇ?
ಪ್ರತಿ ರಾತ್ರಿ ಅಕ್ಕಿ ಅಳೆಯುವವನೇ ಅವನು;
ತಲೆಗೆ ಕೈ ತಗುಲದ ಹಾಗೆ
ಅಂಚಿನಿಂದ ಅಳೆಯುತ್ತಾನಂತೆ.

ಸಂಜೆ ಯಂತ್ರ ಎಲ್ಲವನ್ನೂ ರಾಜಧಾನಿಗೆ ಕಳಿಸಿತು.
ಮುಂದೆ ಒಂದು ದಿನ ಪತ್ರಿಕೆಯಲ್ಲಿ ಗೆರೆ ಬರುತ್ತದೆ,
ಒಂದು ಇಳಿಯುವುದು, ಒಂದು ಏರುವುದು,
ಅದರ ಮೇಲೆ ಮೇಜು ಗುದ್ದುವ ಗಂಡಸರು ಬರುತ್ತಾರೆ.
ಅಕ್ಕಿಯ ಡಬ್ಬಿ ಯಾವ ಗೆರೆಯಲ್ಲೂ ಇರುವುದಿಲ್ಲ.

ನನ್ನ ಮನೆಗೂ ಬಿತ್ತು ಉದ್ದ ಪಟ್ಟಿ.
ಎಣಿಸಲು ಬಂದವನು ಬೇರೆ ಹುಡುಗ; ನಾನು ಈ ಮೆಟ್ಟಿಲಲ್ಲಿದ್ದೆ.
ಉತ್ತರ ಕೊಟ್ಟವಳು ಅಮ್ಮ.
ನನ್ನ ಹೆಸರಿನ ಮುಂದೆ ಏನು ಬರೆಸಿದೆ ಅಂದರೆ
ಪಾತ್ರೆ ಉಜ್ಜುತ್ತ ನಗುತ್ತಾಳೆ:
"ಅದು ಗುಟ್ಟು. ನೀನೇ ಹೇಳಿದ್ದೆಯಲ್ಲ, ಕಾನೂನು."