ಕರಿಗೇರಿನ ಗುರುತು

ಕಲ್ಸಂಕದ ತೋಡಿನ ಪಕ್ಕ ನಮ್ಮ ಅಂಗಡಿ.
ಬೋರ್ಡಿನಲ್ಲಿ ಡ್ರೈಕ್ಲೀನರ್ಸ್ ಎಂದಿದೆ,
ಜನ ಮಾತ್ರ 'ದೂಮನ ಮಗನಲ್ಲಿ' ಎನ್ನುತ್ತಾರೆ.
ರಶೀದಿಯಲ್ಲಿ ಅಚ್ಚಾದದ್ದು ಶರ್ಟು, ಪ್ಯಾಂಟು, ಸೀರೆ, ಕೋಟು;
ಉಳಿದದ್ದಕ್ಕೆಲ್ಲ 'ಇತರೆ' ಎಂಬ ಒಂದು ಗೆರೆ.
ಪಂಚೆ ಇತರೆ. ಬೈರಾಸು ಇತರೆ.
ಬಾಣಂತಿಯ ಸೊಂಟಕ್ಕೆ ಸುತ್ತುವ ಉದ್ದದ ತುಂಡೂ ಇತರೆ.

ಆ ಗೆರೆ ನೋಡಿ ತಡೆಯಲಾರದವರು ಒಬ್ಬರೇ,
ವಾದಿರಾಜ ಉಡುಪರು, ನಿವೃತ್ತ ಕನ್ನಡ ಪಂಡಿತರು.
ಶನಿವಾರ ಒಂದು ಜುಬ್ಬಾ ತರುತ್ತಾರೆ, ಎರಡು ಪಂಚೆ,
ಜೊತೆಗೊಂದು ಶಬ್ದ, ಅದಕ್ಕೆ ಇಸ್ತ್ರಿಯ ಚಾರ್ಜಿಲ್ಲ.

'ಬಟ್ಟೆ ಅಂದರೆ ಹಿಂದೆ ದಾರಿ ಅಂತಲೂ ಇತ್ತು ಮಾರಾಯ,
ಬಟ್ಟೆಗೆಟ್ಟವನು ಬತ್ತಲಾದವನಲ್ಲ, ದಾರಿ ತಪ್ಪಿದವನು.'
'ಸೀರೆ ಮೊದಲು ಚೀರ, ಬರೀ ಒಂದು ಪಟ್ಟಿ, ಚಿಂದಿ.'
'ಅರಿವೆ ತಗೊ: ಅರಿ ಅಂದರೆ ಕತ್ತರಿಸು, ತಿಳಿ ಅಂತಲೂ ಹೌದು,
ಯಾವುದು ಇದರ ತಾಯಿ ಎಂಬ ಜಗಳ ನನ್ನೊಳಗೇ ಮುಗಿದಿಲ್ಲ.'
'ಖಾಕಿ ಪಾರಸಿಯ ಮಣ್ಣು,' ಹೊರಗೆ ನಿಂತ ಟ್ರಾಫಿಕ್ ಪೊಲೀಸನಿಗೂ
ಕೇಳುವ ಹಾಗೆ, 'ಕೊಳೆ ಕಾಣಬಾರದಲ್ಲ!'

ಊರಿನ ಹೆಸರೂ ಉಡುಪಿನದ್ದಲ್ಲವಾ ಎಂದೆ.
ಅಲ್ಲವಂತೆ, ಅದು ನಕ್ಷತ್ರಗಳ ಒಡೆಯ, ಚಂದ್ರ;
ಅವರ ಹೆಸರಿನ ಬಾಲದಲ್ಲೂ ಅವನೇ.
ನಮ್ಮ ಮನೆಯಲ್ಲಿ ಬರೀ ಒಡಿಪು. ಚಂದ್ರನ ಸುದ್ದಿಯಿಲ್ಲ.
ಬೈರಾಸಿನ ಬುಡ ಮಾತ್ರ ಅವರಿಗೂ ಸಿಗಲಿಲ್ಲ;
ಮೂರು ನಿಘಂಟು ತಡಕಿ ಬಂದು
ಅದರಲ್ಲೇ ಬೆವರು ಒರೆಸಿಕೊಂಡರು.

ಕಳೆದ ಆಟಿಯಲ್ಲಿ ಮಡಿಯ ಸರದಿ.
'ಮಡಿ ಅಂದರೆ ಮೊದಲು ಬರೇ ಮಡಚುವುದು,
ಶುದ್ಧ ಅಶುದ್ಧ ಎಲ್ಲ ಆಮೇಲೆ ಹತ್ತಿದ್ದು.
ಒಗೆದು ಮಡಿಸಿ ಇಟ್ಟದ್ದು ಮಡಿ, ಇಟ್ಟವನು ಮಡಿವಾಳ.
ನೋಡು, ನಮ್ಮ ಶಬ್ದಕ್ಕೆ ನಿನ್ನ ಕೈಯೇ ಮೂಲ!'
ಖುಷಿಯಲ್ಲಿ ಹೇಳಿದರು, ಉಡುಗೊರೆ ಕೊಟ್ಟ ಹಾಗೆ.
(ಉಡುಗೊರೆಯ ಒಳಗೂ ಉಡುವುದಿದೆ, ಅದು ಹಿಂದಿನ ವಾರದ ಪಾಠ.)

ನಾನು ಪಂಚೆಯ ಮೂಲೆ ಸರಿಮಾಡುತ್ತಿದ್ದೆ.
ಹಳೆಯದು, ಅವರ ತಂದೆಯದ್ದು.
ಅಂಚಿನಲ್ಲಿ ಮೂರು ಚುಕ್ಕೆ, ಕೆಳಗೊಂದು ಕೊಕ್ಕೆ.
'ಇದು ಯಾವ ಲಿಪಿ?'

ಅಪ್ಪ ಓದು ಬಾರದವನು. ಕರಿಗೇರಿನ ರಸದಲ್ಲಿ
ಸೂಜಿ ಅದ್ದಿ ಎಪ್ಪತ್ತು ಮನೆ ಬರೆದಿದ್ದ.
ಎರಡು ಗೀಟು ವಕೀಲರದ್ದು.
ಕತ್ತರಿ ಗುರುತು, ಅಕ್ಕಿ ಅಳೆಯುವಾಗ
ಸೇರಿನ ಒಳಗೆ ಬೆರಳಿಡುವವರದ್ದು.
ಆ ರಸ ಕೈ ಸುಡುತ್ತದೆ, ಅರಿವೆಯಿಂದ ಹೋಗುವುದಿಲ್ಲ.

'ನಿಮ್ಮ ಬಾವಿಕಟ್ಟೆಯ ಮೂರು ತೆಂಗು' ಎಂದೆ.
ಅವರು ಪುಸ್ತಕ ತೆಗೆದು ಬರೆದುಕೊಳ್ಳಲು ಹೊರಟಾಗ
ತಡೆಯಲಾಗಲಿಲ್ಲ:
'ಅಲ್ಲ. ಅದು ನೀರಿನ ಹನಿ. ಕೊಕ್ಕೆ ಕೊಡಪಾನದ ಕಂಠ.
ನಾವು ಒಗೆದು ತಂದದ್ದನ್ನು ಅಂಗಳದಲ್ಲೇ ಇಡಿಸಿ
ಮೇಲೆ ಮತ್ತೆ ನೀರು ಹೊಯ್ದು ಒಳಗೆ ಒಯ್ಯುವ ಮನೆ.
ನಮ್ಮೊಳಗೆ ನೀವು ಉಡುಪರಲ್ಲ, ನೀರು ಹೊಯ್ಯುವವರು.'

ಪೆನ್ನು ಕಾಗದಕ್ಕೆ ಇಳಿಯಲಿಲ್ಲ, ಕಿಸೆಗೂ ಹೋಗಲಿಲ್ಲ.
ತೋಡಿನಾಚೆ ಯಾರೋ ಬಸ್ಸಿನ ಸೀಟಿನ ಕವರು ಬಡಿಯುತ್ತಿದ್ದರು.
ಆಮೇಲೆ, ತಪ್ಪು ಸಿಕ್ಕಿಬಿದ್ದ ಹುಡುಗನ ದನಿಯಲ್ಲಿ,
'ಹೊಯ್ಯುತ್ತಿದ್ದದ್ದು ಅಮ್ಮ. ಕೊಡ ತುಂಬಿಸಿ ಕೊಡುತ್ತಿದ್ದವನು ನಾನು.'

ಮಡಿಗೆ ಸಾಯು ಎಂಬ ಅರ್ಥವೂ ಇದೆಯಂತೆ.
ಅದನ್ನು ಹೇಳಲು ಮುಂದಿನ ಶನಿವಾರ ಬಂದರು.
ಅದೇ ಪಂಚೆ. ರಶೀದಿಯ 'ಇತರೆ' ಹೊಡೆದುಹಾಕಿ
ಪಂಚೆ ಎಂದು ತಾವೇ ಬರೆದು,
ಹೆಸರಿನ ಜಾಗದಲ್ಲಿ ಮೂರು ಚುಕ್ಕೆ, ಒಂದು ಕೊಕ್ಕೆ.

ಕೊಕ್ಕೆ ಎಡಕ್ಕೆ ಬಾಗಿತ್ತು.
ಅಪ್ಪನದ್ದು ಹಾಗಲ್ಲ. ನಾನು ತಿದ್ದಿದೆ.